ನೋಡುವ ಹಂತ

ಲ್ಯಾಬಿನ ಕಂಪ್ಯೂಟರ್ ಹುಡುಗ ಪ್ಲಗ್ ಬಿಟ್ಟ ಗುದ್ದು ಇಂಜಿನಿಯರ್ ಹಂತರಾಯನ ಮೂಗಿಗೆ ಬಿದ್ದಾಗ ನಾನು ಪಕ್ಕದ ಕೋಣೆಯಲ್ಲಿ ಒಬ್ಬ ಹಿರಿಯರ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದೆ. ಗೋಡೆಯಾಚೆ ಕುರ್ಚಿ ಉರುಳಿದ ಸದ್ದಾಯಿತು, ಅದರ ಹಿಂದೆಯೇ ಗಂಡಸೊಬ್ಬ "ಅಯ್ಯಯ್ಯೋ" ಎಂದು ಕೂಗಿಕೊಂಡ. ಹಿರಿಯರು ಹೆದರಿ ಕೈ ಎಳೆದುಕೊಂಡರು. ಪಟ್ಟಿ ಬಿಚ್ಚಿ, ಒಂದು ಹಿಡಿ ಹತ್ತಿ ಬಾಚಿಕೊಂಡು ಓಡಿದೆ.

ರಕ್ತ ತೆಗೆಯುವುದು ನನ್ನ ಕಸುಬು. ಲ್ಯಾಬಿಗೆ ಬಂದವರ ತೋಳು ಹಿಡಿದು, ನರ ಹುಡುಕಿ, ಸೂಜಿ ಚುಚ್ಚಿ ಟ್ಯೂಬು ತುಂಬಿಸುತ್ತೇನೆ. ಟ್ಯೂಬಿನಲ್ಲಿರುವುದು ಮರ್ಯಾದಸ್ಥ ರಕ್ತ, ಹಾಕಿದ ಜಾಗದಲ್ಲಿ ಕೂತಿರುತ್ತದೆ. ಹಂತರಾಯನದು ಇಸ್ತ್ರಿ ಅಂಗಿಯ ಮೇಲೆ, ಕೀಬೋರ್ಡಿನ ಮೇಲೆ, ಪ್ಲಗ್ಗಿನ ಮುಷ್ಟಿಯ ಮೇಲೆ ಮನಸ್ಸಿಗೆ ಬಂದಂತೆ ಹರಿಯುತ್ತಿತ್ತು. ನಾನು ಒಬ್ಬನ ಮೂಗಿಗೆ ಹತ್ತಿ ಒತ್ತಿ, ಇನ್ನೊಬ್ಬನ ಕೆನ್ನೆಗೆ ಛಟೀರನೆ ಒಂದು ಬಿಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಲ್ಯಾಬಿನಲ್ಲಿ ಎಲ್ಲರಿಗೂ ಗೊತ್ತು, ಹಾಗಾಗಿ ಪ್ಲಗ್ ಬೇಜಾರು ಮಾಡಿಕೊಳ್ಳಲಿಲ್ಲ.

ಪ್ಲಗ್ ನಮ್ಮವನು. ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ಅವನೊಬ್ಬನೇ ದಿಕ್ಕು. ಏನು ಕೆಟ್ಟರೂ "ಪ್ಲಗ್ ತೆಗೆದು ಹಾಕಿ ನೋಡ್ರಿ" ಅನ್ನುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಹಂತರಾಯ ಹೊರಗಿನವನು. ರೋಗಿಗಳ ವಿವರ ಹೊರಗೆ ಸೋರದಂತೆ ಕಾಯುವ ಒಂದು ಸಾಫ್ಟ್‌ವೇರನ್ನು ಡಾಕ್ಟರಮ್ಮ ಕೊಂಡಿದ್ದರು, ಅದನ್ನು ಮಾರಿದ ಕಂಪನಿ ಕಳಿಸಿದ ಇಂಜಿನಿಯರು ಇವನು. ಬಾಯಿ ತೆರೆದರೆ "ಹಂತ ಹಂತವಾಗಿ ಮಾಡೋಣ" ಎನ್ನುತ್ತಾನೆ, ನೀರು ಕುಡಿಯುವುದಕ್ಕೂ ಅವನಿಗೆ ಹಂತ ಬೇಕು. ಬಂದ ಎರಡನೇ ದಿನವೇ ನಾವು ಅವನಿಗೆ ಹಂತರಾಯ ಎಂದು ನಾಮಕರಣ ಮಾಡಿ ಮುಗಿಸಿದ್ದೆವು.

ಇಬ್ಬರಿಗೂ ಹಾವು ಮುಂಗುಸಿಯ ನಂಟು. ಅದಕ್ಕೆ ಕಾರಣವಿತ್ತು. ಈ ಸಾಫ್ಟ್‌ವೇರನ್ನು ಮೊದಲು ಕೂಡಿಸಲು ಹೊರಟವನು ಪ್ಲಗ್. "ಹೊರಗಿನೋರು ಯಾಕೆ? ನಮ್ಮನೆ ಬೀಗ ನಾವೇ ಹಾಕ್ಕೊಳ್ಳೋಣ" ಎಂದು ಡಾಕ್ಟರಮ್ಮನ ಮುಂದೆ ಎದೆ ತಟ್ಟಿಕೊಂಡ. ಅವರೂ ಹೂಂ ಅಂದರು. ಒಂದು ಸೋಮವಾರ ಬೆಳಿಗ್ಗೆ ಎಲ್ಲ ಕಂಪ್ಯೂಟರುಗಳಲ್ಲೂ ಒಟ್ಟಿಗೇ ಚಾಲೂ ಮಾಡಿದ. ಅದು ಹೊಸದಾಗಿ ಕೆಲಸಕ್ಕೆ ಸೇರಿದ ವಾಚ್‌ಮನ್ನಿನಂತೆ ಮನೆಯವರನ್ನೂ ಗೇಟಿನಲ್ಲೇ ನಿಲ್ಲಿಸಿತು. ರೋಗಿಯ ಹೆಸರಿರುವ ಒಂದು ಹಾಳೆಯನ್ನೂ ಹೊರಗೆ ಬಿಡಲಿಲ್ಲ. ಲ್ಯಾಬಿನ ವರದಿಯಲ್ಲಿ ರೋಗಿಯ ಹೆಸರಿಲ್ಲದೆ ನನ್ನ ಹೆಸರಿರುತ್ತದೆಯೇ? ಇಮೇಲ್ ಹೋಗಲಿಲ್ಲ, ಪ್ರಿಂಟು ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೌಂಟರಿನ ಮುಂದೆ ಕಾಲಿಡಲು ಜಾಗವಿಲ್ಲ. ಅಮ್ಮನ ಆಪರೇಷನ್ನಿಗೆ ವರದಿ ಬೇಕೇ ಬೇಕಾಗಿದ್ದ ಒಬ್ಬ ಮಗ ಬೆಳಿಗ್ಗೆಯಿಂದ ಗೋಗರೆದು ಗೋಗರೆದು, ಕೊನೆಗೆ ಕಬ್ಬಿಣದ ಕುರ್ಚಿಯನ್ನು ತಲೆಯ ಮೇಲೆತ್ತಿ ಕೌಂಟರಿನ ಗಾಜಿಗೆ ಬೀಸಿದ.

ಗಾಜು ಒಳಗಿದ್ದವರ ಮೇಲೆಲ್ಲ ಸುರಿಯಿತು. ಒಂದು ಚೂರು ನನ್ನ ಹುಬ್ಬಿನ ಮೇಲೆ ನಾಟಿತು. ಕಣ್ಣಿಗೆ ರಕ್ತ ಇಳಿದು ಏನೂ ಕಾಣುತ್ತಿರಲಿಲ್ಲ, ಬರೀ ಕೂಗಾಟ ಕೇಳುತ್ತಿತ್ತು. ಜನ ಪ್ಲಗ್‌ನನ್ನು ಅವನ ಕೋಣೆಯಿಂದ ಕೊರಳಪಟ್ಟಿ ಹಿಡಿದು ಎಳೆದು ತಂದು, ಅವನು ಯಾರು, ಏನು ಮಾಡಿದ ಎಂದು ಗೊತ್ತಿಲ್ಲದವರೂ ನಾಲ್ಕು ತದುಕಿದರು. ಅವತ್ತಿನಿಂದ ಲ್ಯಾಬಿನಲ್ಲಿ "ತಡೆ" ಎಂಬ ಮಾತೇ ಕೆಟ್ಟ ಮಾತಾಯಿತು. ಡಾಕ್ಟರಮ್ಮ ಕಂಪನಿಗೆ ಫೋನ್ ಮಾಡಿದರು, ಹಂತರಾಯ ಬ್ಯಾಗು ನೇತುಹಾಕಿಕೊಂಡು ಬಂದ.

ಅವನ ಮದ್ದು ಸರಳವಾಗಿತ್ತು. "ಮೊದಲನೇದು ನೋಡುವ ಹಂತ. ಸಾಫ್ಟ್‌ವೇರ್ ಎಲ್ಲಾನೂ ನೋಡುತ್ತೆ, ಯಾವುದನ್ನೂ ತಡೆಯಲ್ಲ. ತಪ್ಪು ಕಂಡ್ರೆ ಬರ್ಕೊಂಡು, ಒಂದು ಎಚ್ಚರಿಕೆ ಕಳಿಸುತ್ತೆ ಅಷ್ಟೇ. ಯಾರ ಕೆಲಸಾನೂ ನಿಲ್ಲಲ್ಲ. ಕೆಲವು ವಾರ ನೋಡಿ, ಕಲಿತು, ಆಮೇಲೆ ತಡೆಯೋಣ." ಎಲ್ಲರಿಗೂ ಹೋದ ಜೀವ ಬಂದಂತಾಯಿತು. ನನಗೊಬ್ಬಳಿಗೆ ಬರಲಿಲ್ಲ.

ಯಾಕೆಂದರೆ ಆ ಕಂಪ್ಯೂಟರಿನೊಳಗೆ ನನ್ನ ತಂಗಿಯ ವಿಳಾಸವಿತ್ತು.

ತಂಗಿಯ ಗಂಡನಿಗೆ ಲಾರಿ ಟೈರಿನ ಅಂಗಡಿ. ಟೈರು ಬಿಚ್ಚುವ ಕಬ್ಬಿಣದ ಸಲಾಕೆ ಅವನ ಕೈಗೆ ಆರನೇ ಬೆರಳು ಇದ್ದ ಹಾಗೆ. ಮದುವೆಯಾದ ಹೊಸದರಲ್ಲಿ ಅವನು ಕೈಯಲ್ಲಿ ಹೊಡೆಯುತ್ತಿದ್ದ, ಆಮೇಲೆ ಬೆಲ್ಟಿನಲ್ಲಿ, ಆಮೇಲೆ ಸಲಾಕೆಯಲ್ಲಿ. ಅವಳ ಎಡಗೈಯ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಬಸುರಿ ಎಂದು ತಿಳಿದ ದಿನ ಅವಳ ಕತ್ತು ಹಿಡಿದು ಸ್ನಾನದ ಬಕೆಟ್ಟಿನೊಳಗೆ ಅದ್ದಿದ, ಉಸಿರು ಕಟ್ಟುವ ತನಕ ಬಿಡಲಿಲ್ಲ. ಮರುದಿನ ಅವನು ಅಂಗಡಿಗೆ ಹೋದ ಮೇಲೆ ನಾನು ಹೋಗಿ ಅವಳನ್ನು ಉಟ್ಟ ಬಟ್ಟೆಯಲ್ಲೇ ಕರೆದುಕೊಂಡು ಬಂದೆ. ನನ್ನ ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಅವನು ಮೊದಲು ಬಂದು ಬಾಗಿಲು ಒದ್ದದ್ದೇ ಅಲ್ಲಿ. ನನ್ನನ್ನೂ ಜುಟ್ಟು ಹಿಡಿದು ಗೋಡೆಗೆ ಹೊಡೆದ, ನಾನೂ ಅವನ ಮುಂಗೈ ಕಚ್ಚಿ ಮಾಂಸ ಕಿತ್ತೆ. ಆದರೂ ಅವಳು ಎಲ್ಲಿದ್ದಾಳೆಂದು ಬಾಯಿ ಬಿಡಲಿಲ್ಲ.

ಊರಿನ ಇನ್ನೊಂದು ತುದಿಯಲ್ಲಿ, ಹಾಸಿಗೆ ದಿಂಬು ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳಿಗೊಂದು ಕೋಣೆ ಹಿಡಿದಿದ್ದೆ. ಅವಳು ಅಲ್ಲಿರುವುದು ಅವಳಿಗೆ ಗೊತ್ತು, ನನಗೆ ಗೊತ್ತು. ಮೂರನೆಯದಾಗಿ ಲ್ಯಾಬಿನ ಕಂಪ್ಯೂಟರಿಗೆ ತಿಳಿದದ್ದು ರಕ್ತದ ದೆಸೆಯಿಂದ. ಅವಳಿಗೆ ರಕ್ತ ಕಡಿಮೆಯಿತ್ತು, ಆಗಾಗ ಪರೀಕ್ಷೆ ಮಾಡಿಸಲೇಬೇಕಿತ್ತು. ನಾನೇ ಹೋಗಿ ತೆಗೆದು, ನನ್ನ ಡಬ್ಬಿಯಲ್ಲೇ ತರುತ್ತಿದ್ದೆ. ಆದರೆ ವಿಳಾಸ ತುಂಬದೆ ನಮ್ಮ ಕಂಪ್ಯೂಟರು ಟ್ಯೂಬಿಗೆ ಚೀಟಿ ಮುದ್ರಿಸುವುದಿಲ್ಲ. ಸುಳ್ಳು ವಿಳಾಸ ಹಾಕುತ್ತೇನೆ ಎಂದೆ. ತಂಗಿಯೇ ಬೇಡವೆಂದಳು. "ನಿಜದ್ದೇ ಹಾಕಕ್ಕ. ರಕ್ತದಲ್ಲಿ ಏನಾದ್ರೂ ಎಡವಟ್ಟು ಕಂಡು, ನೀನೂ ಕೈಗೆ ಸಿಗದೇ ಇದ್ರೆ, ಆಂಬುಲೆನ್ಸಾದ್ರೂ ನನ್ನ ಬಾಗಿಲಿಗೆ ಬರಬೇಕಲ್ಲ" ಎಂದಳು. ಮಾತು ಸರಿಯಾಗಿತ್ತು. ಅದಕ್ಕೇ ನಾನು ಡಾಕ್ಟರಮ್ಮನ ಹಿಂದೆ ಬಿದ್ದು, ಹೊಸ ಸಾಫ್ಟ್‌ವೇರಿನಲ್ಲಿ ಒಂದು ನಿಯಮ ಹಾಕಿಸಿದ್ದೆ. ಗುಟ್ಟಾಗಿ ಇರಬೇಕಾದ ರೋಗಿಗಳ ಹೆಸರಿನ ಮುಂದೆ ಒಂದು ಗುರುತು. ಆ ಗುರುತಿರುವವರ ವಿಳಾಸ ಯಾವ ಕಾರಣಕ್ಕೂ ಲ್ಯಾಬಿನಿಂದ ಹೊರಗೆ ಹೋಗಕೂಡದು.

ನಿಯಮ ಇತ್ತು. ಆದರೆ ಅದೂ ನೋಡುವ ಹಂತದಲ್ಲಿತ್ತು.

ಮೂಗು ಒಡೆದ ದಿನ ಡಾಕ್ಟರಮ್ಮ ಮೂವರನ್ನೂ ತಮ್ಮ ಕೋಣೆಗೆ ಕರೆದರು. ಜಗಳ ಹತ್ತಿದ್ದು ಇಷ್ಟಕ್ಕೆ: "ನಿಮ್ಮೋರು ಮಾಡಿಟ್ಟ ಗಲೀಜು ತೊಳೆಯೋಕೇ ನನಗೆ ಇಡೀ ದಿನ ಬೇಕಾಯ್ತು" ಎಂದು ಹಂತರಾಯ ಎಲ್ಲರೆದುರು ಅಂದಿದ್ದ. ಪ್ಲಗ್‌ಗೆ ಮಾತು ಬರಲಿಲ್ಲ, ಕೈ ಬಂತು. ನನಗೆ ಅವರಿಬ್ಬರ ಮಾನ ಕಟ್ಟಿಕೊಂಡು ಆಗಬೇಕಾದ್ದೇನೂ ಇರಲಿಲ್ಲ.

"ಡಾಕ್ಟರಮ್ಮ, ಇವರಿಬ್ಬರೂ ಹೊಡೆದಾಡಿಕೊಂಡು ಸಾಯ್ಲಿ. ನನಗೆ ಒಂದೇ ಒಂದು ನಿಯಮಕ್ಕೆ ಇವತ್ತೇ ತಡೆ ಹಾಕಿಸಿಕೊಡಿ. ಮಿಕ್ಕಿದ್ದೆಲ್ಲ ನಿಧಾನಕ್ಕೆ ನೋಡ್ಕೊಳ್ಳಿ" ಎಂದೆ.

ಹಂತರಾಯ ಮೂಗಿನಲ್ಲಿ ಹತ್ತಿ ತುರುಕಿಕೊಂಡು ಗೊಣಗುಟ್ಟಿದ. "ಮೇಡಂ, ನೋಡುವ ಹಂತ ಮುಗಿಯೋಕೆ ಮುಂಚೆ ಒಂದನ್ನ ತಡೆದ್ರೂ ಅದು ಇನ್ನೆಲ್ಲಿ ಸಿಕ್ಕಿಕೊಳ್ಳುತ್ತೋ ಹೇಳೋಕಾಗಲ್ಲ. ನಮ್ಮ ಪದ್ಧತಿ ಅಲ್ಲ."

ನಾನು ಪ್ಲಗ್ಗಿನ ಕಡೆ ತಿರುಗಿದೆ. "ನೀನು ಮಾಡೋ. ನಿನಗೆ ಬರುತ್ತಲ್ಲ."

ಅವನು ನನ್ನ ಹುಬ್ಬಿನ ಹೊಲಿಗೆ ನೋಡಿ ತಲೆ ತಗ್ಗಿಸಿದ. "ಬರುತ್ತೆ ಅಕ್ಕ. ಆದ್ರೆ ನಾನಿನ್ನು ತಡೆ ಗುಂಡಿ ಮುಟ್ಟಲ್ಲ. ಜನ ನನ್ನ ಕೊಂದೇ ಹಾಕ್ತಾರೆ."

ಡಾಕ್ಟರಮ್ಮನೂ ಅದೇ ಹೊಲಿಗೆ ತೋರಿಸಿದರು. "ನೋಡ್ರೀ, ಮತ್ತೆ ಗಾಜು ಒಡಿಸಿಕೊಳ್ಳೋಕೆ ನನಗೆ ಆಗಲ್ಲ. ಸ್ವಲ್ಪ ತಾಳ್ಮೆ ಇರಲಿ. ಎಚ್ಚರಿಕೆ ಬರುತ್ತಲ್ಲ, ಬಂದ ಕೂಡಲೇ ನೋಡಿ ಏನಾದ್ರೂ ಮಾಡಬಹುದು. ಕೂಡಿಸೋದು ಕಂಪನಿಯವರು, ಎಚ್ಚರಿಕೆ ನೋಡೋದು ನಮ್ಮವರು. ಮುಗೀತು."

ನಾನು ಕೂಗಾಡಿದೆ. ಮೇಜು ಗುದ್ದಿದೆ. ಡಾಕ್ಟರಮ್ಮನ ಪೆನ್ನಿನ ಲೋಟ ಉರುಳಿಬಿತ್ತು. ಏನೂ ಆಗಲಿಲ್ಲ. ಅವರ ಭಯ ನನ್ನ ಭಯಕ್ಕಿಂತ ಹೊಸದಾಗಿತ್ತು, ಅದಕ್ಕೇ ಗೆದ್ದಿತು.

ಎಚ್ಚರಿಕೆ ನೋಡುವ ಕೆಲಸ ತನಗೆ ಬಂತಲ್ಲ ಎಂದು ಪ್ಲಗ್ ಒಳಗೊಳಗೇ ಕುದಿಯುತ್ತಿದ್ದ. ಬಡಿಸುವವನು ಹೊರಗಿನವನು, ಎಂಜಲು ಎತ್ತುವವನು ತಾನು ಎಂದು ಅವನ ಲೆಕ್ಕ. ಎಚ್ಚರಿಕೆಗಳೋ, ಕಸದಂತೆ ಬರುತ್ತಿದ್ದವು: ಯಾರೋ ತನ್ನ ಮನೆಗೆ ತನ್ನದೇ ವರದಿ ಕಳಿಸಿದ, ಯಾರೋ ಹೆಸರಿರುವ ಹಾಳೆ ಪ್ರಿಂಟು ತೆಗೆದ. ಅವನು ಏನು ಮಾಡಿದ ಅಂದರೆ, ಎಚ್ಚರಿಕೆಯ ಇಮೇಲುಗಳೆಲ್ಲ ತನ್ನ ಕಣ್ಣಿಗೆ ಬೀಳದೆ ನೇರ ಹಂತರಾಯನ ಪೆಟ್ಟಿಗೆಗೆ ಹೋಗಿ ಬೀಳುವಂತೆ ತಿರುಗಿಸಿಟ್ಟ. ಅವನ ಕೂಸು, ಅವನೇ ಆಡಿಸಿಕೊಳ್ಳಲಿ ಎಂದು. ಹಂತರಾಯ ಅವನ್ನು ಕಂಡನಾದರೂ ತೆರೆಯಲಿಲ್ಲ. ನೋಡುವುದು ಲ್ಯಾಬಿನವರ ಕೆಲಸ ಎಂದು ಡಾಕ್ಟರಮ್ಮನೇ ತೀರ್ಪು ಕೊಟ್ಟಿದ್ದರಲ್ಲ, ತನಗೆ ಬಂದಿರುವುದು ಬರೀ ನಕಲು ಅಂದುಕೊಂಡ. ಇವೆಲ್ಲ ನನಗೆ ತಿಳಿದದ್ದು ಆಮೇಲೆ.

ತಂಗಿಯ ರಕ್ತ ತಂದ ಮರುದಿನ ಮಧ್ಯಾಹ್ನ ಡಾಕ್ಟರಮ್ಮ ನನ್ನನ್ನು ಕರೆಸಿದರು. ಅವರ ಕೋಣೆಯಲ್ಲಿ ಹಂತರಾಯ ಪರದೆ ತಿರುಗಿಸಿಟ್ಟುಕೊಂಡು ಕೂತಿದ್ದ. ಮೂಗಿಗೆ ಪ್ಲಾಸ್ಟರು, ಮುಖದಲ್ಲಿ ಮದುವಣಗಿತ್ತಿಯ ಅಪ್ಪನ ಸಂಭ್ರಮ. ಪ್ಲಗ್ ಗೋಡೆಗೆ ಒರಗಿ ಉಗುರು ಕಚ್ಚುತ್ತ ನಿಂತಿದ್ದ.

"ಬನ್ನಿ ಮೇಡಂ, ನಿಮ್ಮ ನಿಯಮ ಕೆಲಸ ಮಾಡ್ತಾ ಇಲ್ಲ ಅಂತ ಹೆದರ್ತಿದ್ರಲ್ಲ, ತೋರಿಸ್ತೀನಿ" ಎಂದು ಹಂತರಾಯ ಸಾಲುಗಳ ಮೇಲೆ ಬೆರಳೋಡಿಸಿದ. "ಇವೆಲ್ಲ ಸಣ್ಣಪುಟ್ಟವು. ಇದು ನೋಡಿ, ಕೆಂಪು. ಅತಿ ಗಂಭೀರ. ಗುಟ್ಟಿನ ಗುರುತಿರೋ ರೋಗಿ, ವಿಳಾಸ ಸಮೇತ ಹೊರಗಿನ ಇಮೇಲಿಗೆ. ಎಷ್ಟು ಚೆನ್ನಾಗಿ ಹಿಡಿದಿದೆ!"

ಆ ಸಾಲಿನಲ್ಲಿದ್ದ ಟ್ಯೂಬಿನ ನಂಬರು ನನ್ನ ಕೈಯಾರೆ ಅಂಟಿಸಿದ್ದು.

"ಹಿಡಿದು ಏನು ಮಾಡ್ತು?" ಎಂದೆ.

"ಬರ್ಕೊಂಡಿದೆ. ನೋಡುವ ಹಂತ ಅಲ್ವಾ, ಕಳಿಸೋಕೆ ಬಿಟ್ಟಿದೆ."

"ಯಾವಾಗ?"

"ಬೆಳಿಗ್ಗೆ, ವರದಿ ತಯಾರಾದ ತಕ್ಷಣ."

"ಯಾರಿಗೆ?"

ಅವನು ಓದಿದ. ಟೈರಿನಂಗಡಿಯ ಇಮೇಲು. ಪ್ಲಗ್ ಗೋಡೆ ಬಿಟ್ಟು ಮುಂದೆ ಬಂದು ನೋಡಿ, ಬಿಳಿಚಿಹೋದ. ತಂಗಿ ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಒಂದು ಸಲ ನಮ್ಮ ಲ್ಯಾಬಿಗೆ ಬಂದಿದ್ದಳು. ಅದೇ ಹೆಸರು, ಅದೇ ಹುಟ್ಟಿದ ದಿನ ಕಂಡು ಕಂಪ್ಯೂಟರು ಈ ಸಲ ಹಳೆಯ ದಾಖಲೆಗೂ ಹೊಸದಕ್ಕೂ ತಾನಾಗಿಯೇ ಗಂಟು ಹಾಕಿತ್ತು. ವರದಿ ಕಳಿಸುವಾಗ ಹಳೆಯದರಲ್ಲಿದ್ದ ಇಮೇಲನ್ನೇ ಎತ್ತಿಕೊಂಡಿತ್ತು.

"ಎಚ್ಚರಿಕೆ ಬಂದಿತ್ತಲ್ಲ, ನೀವು ನೋಡಲಿಲ್ವಾ?" ಎಂದು ಹಂತರಾಯ ಪ್ಲಗ್‌ನನ್ನು ಕೇಳಿದ.

"ನಿಮಗೇ ಬರ್ತಿತ್ತಲ್ಲ, ನೀವು ನೋಡಲಿಲ್ವಾ?" ಎಂದ ಪ್ಲಗ್.

ಅವರು ಆ ಪ್ರಶ್ನೆಯನ್ನು ಇಬ್ಬರ ನಡುವೆ ಎಸೆದಾಡುತ್ತಿದ್ದಾಗ ನಾನು ತಂಗಿಗೆ ಫೋನ್ ಮಾಡುತ್ತಿದ್ದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಹಂತರಾಯನ ಕೊರಳಿಗೆ ನೇತಾಡುತ್ತಿದ್ದ ಗುರುತಿನ ಚೀಟಿಯ ಪಟ್ಟಿ ಹಿಡಿದು ಜಗ್ಗಿದೆ, ಅವನ ಹಣೆ ಮೇಜಿಗೆ ಬಡಿಯಿತು. "ವ್ಯಾನ್ ತೆಗಿಯೋ" ಎಂದು ಪ್ಲಗ್‌ಗೆ ಅರಚಿದೆ.

ಪ್ಲಗ್ ಓಡಿಸಿದ. ಹಂತರಾಯನೂ ಹಿಂದಿನಿಂದ ಹತ್ತಿಕೊಂಡ. ಯಾಕೆ ಬಂದ ಎಂದು ನಾನು ಕೇಳಲಿಲ್ಲ, ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಪೊಲೀಸರಿಗೆ ಫೋನ್ ಮಾಡಿದಾಗ ವಿಳಾಸ ಹೇಳಿ ಎಂದರು. ಇಷ್ಟು ತಿಂಗಳು ನನ್ನ ಹಲ್ಲಿನ ಹಿಂದೆ ಬಿಗಿಹಿಡಿದಿದ್ದ ವಿಳಾಸವನ್ನು ರಸ್ತೆಯವರೆಲ್ಲ ತಿರುಗಿ ನೋಡುವಂತೆ ಕೂಗಿ ಕೂಗಿ ಹೇಳಿದೆ. ಒಂದು ಸಿಗ್ನಲ್ಲಿನಲ್ಲಿ ಮುಂದಿನ ಕಾರು ಜರುಗಲಿಲ್ಲ. ಪ್ಲಗ್ ಅದರ ಹಿಂಬದಿಗೆ ವ್ಯಾನು ಗುದ್ದಿ, ಪಕ್ಕಕ್ಕೆ ತಳ್ಳಿಕೊಂಡೇ ಹೋದ. ವ್ಯಾನಿನ ಹಿಂಬದಿಯಲ್ಲಿದ್ದ ಲ್ಯಾಬಿನ ಬಾಟಲಿಗಳೆಲ್ಲ ಚೂರಾದವು. ಅವನು ಅಳುತ್ತಿದ್ದ. ನನಗೆ ಅವನ ಅಳು ನೋಡಿ ಕನಿಕರ ಬರಲಿಲ್ಲ, ಮೈಯೆಲ್ಲ ಉರಿಯಿತು.

ಹಾಸಿಗೆ ಅಂಗಡಿಯವನು ಹೊರಗೆ ನಿಂತು ಮೇಲಕ್ಕೆ ನೋಡುತ್ತಿದ್ದ. "ಏನೋ ಗಲಾಟೆ, ಗಂಡ ಹೆಂಡ್ತಿದು" ಎಂದ. ಅವನನ್ನು ತಳ್ಳಿ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದೇ ಇತ್ತು. ಅದು ಮುರಿದಿರಲಿಲ್ಲ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ತಂಗಿ ಮಂಚ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಹೊಟ್ಟೆಯನ್ನು ಎರಡೂ ಮೊಣಕಾಲಿನಿಂದ ಮುಚ್ಚಿಕೊಂಡು ಮುದುಡಿದ್ದಳು. ಅವನು ಸಲಾಕೆ ಎತ್ತಿ ಅವಳ ಮೊಣಕಾಲಿಗೆ ಬಾರಿಸುತ್ತಿದ್ದ, ಕಾಲು ಸರಿದರೆ ಹೊಟ್ಟೆ ಸಿಗುತ್ತದೆಂದು. ಅವಳು ಸರಿಸುತ್ತಿರಲಿಲ್ಲ. ಒಂದು ಕೈ ಮಣಿಕಟ್ಟಿನಲ್ಲಿ ಇರಬಾರದ ಕಡೆ ತಿರುಗಿತ್ತು. ಅವಳು ಕೂಗುತ್ತಲೂ ಇರಲಿಲ್ಲ, ಬಾಯಿ ತುಂಬ ರಕ್ತವಿತ್ತು.

ನಾನು ಅವನ ಬೆನ್ನಿನ ಮೇಲೆ ಬಿದ್ದೆ. ಕಿವಿಗೆ ಹಲ್ಲು ಹಾಕಿದೆ. ಅವನು ಗೋಡೆಗೆ ಬೆನ್ನು ಅಪ್ಪಳಿಸಿದ, ನನ್ನ ಪಕ್ಕೆಯಲ್ಲಿ ಏನೋ ಲಟಕ್ಕೆಂದಿತು, ಕೈ ಸಡಿಲಾಗಿ ಕೆಳಗೆ ಬಿದ್ದೆ. "ಬಂದ್ರಾ ಅತ್ತಿಗೆ" ಎಂದು ಅವನು ಸಲಾಕೆ ಎತ್ತಿದ. ಅದು ನನ್ನ ತಲೆಯ ಮೇಲೆ ಇಳಿಯುವ ಮೊದಲು ಪ್ಲಗ್ ಅಡ್ಡ ಬಂದು ತೋಳು ಕೊಟ್ಟ. ಮೂಳೆ ಮುರಿದದ್ದು ನನಗೆ ಕೇಳಿಸಿತು. ಹಂತರಾಯ, ಜೀವಮಾನದಲ್ಲಿ ಒಂದು ನೊಣ ಹೊಡೆದಿರದ ಆಸಾಮಿ, ಲ್ಯಾಪ್‌ಟಾಪು ತುಂಬಿದ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಖಕ್ಕೆ ಬೀಸಿದ. ಅಲ್ಲಿ ಯಾವ ಹಂತವೂ ಇರಲಿಲ್ಲ. ಟೈರಿನವನು ಒಂದು ಹೆಜ್ಜೆ ಹಿಂದೆ ತೂರಾಡಿದ.

ಒಲೆಯ ಮೇಲೆ ಕುಕ್ಕರಿತ್ತು. ಅದು ಖಾಲಿಯಿತ್ತೋ ತುಂಬಿತ್ತೋ ನೆನಪಿಲ್ಲ, ಭಾರವಿತ್ತು. ಹಿಡಿ ಹಿಡಿದು ಅವನ ತಲೆಗೆ ಹಾಕಿದೆ. ಬಿದ್ದ ಮೇಲೂ ಹಾಕಿದೆ. ಅವನು ಕೈ ಅಡ್ಡ ಇಟ್ಟ, ಕೈಯ ಮೇಲೆ ಹಾಕಿದೆ. ಅವನ ಹಲ್ಲು ಒಂದು ನನ್ನ ಪಾದಕ್ಕೆ ಬಂದು ತಗುಲಿತು. ಹಂತರಾಯ ಹಿಂದಿನಿಂದ ನನ್ನ ಸೊಂಟ ತಬ್ಬಿ ಎಳೆದು "ಸಾಕು ಮೇಡಂ, ಸಾಕು, ಸತ್ತೋಗ್ತಾನೆ" ಎಂದು ಬಡಕೊಂಡ. ಸಾಯಲಿ ಎಂದೇ ನಾನು ಹೊಡೆಯುತ್ತಿದ್ದದ್ದು. ಅವನು ಸಾಯಲಿಲ್ಲ. ಪೊಲೀಸರು ಬಂದು ಅವನನ್ನು ಸ್ಟ್ರೆಚರಿನಲ್ಲಿ ಇಳಿಸಿದಾಗಲೂ ಎದೆ ಏರಿಳಿಯುತ್ತಿತ್ತು. ಅದಕ್ಕೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಬಚ್ಚಿಡುವುದೇನಿದೆ.

"ಪುಟ್ಟಿ, ಮುಗೀತು ಕಣೆ, ನಾನು ಬಂದೆ" ಎಂದು ತಂಗಿಯ ಹತ್ತಿರ ಕುಳಿತೆ. ಅವಳು ನನ್ನನ್ನು ನೋಡಿ ಗೋಡೆಗೆ ಇನ್ನಷ್ಟು ಒತ್ತಿಕೊಂಡಳು. ಪೆಟ್ಟಿನ ಗಾಬರಿ ಅಂದುಕೊಂಡೆ.

ಆಸ್ಪತ್ರೆಯಲ್ಲಿ ಅವಳ ಮೊಣಕಾಲು, ಮಣಿಕಟ್ಟು, ದವಡೆ ಎಲ್ಲಕ್ಕೂ ಪಟ್ಟಿ ಬಿತ್ತು. ಹೊಟ್ಟೆಯ ಮೇಲೆ ಯಂತ್ರ ಇಟ್ಟು ಕೇಳಿದರು. ಮಗುವಿನ ಎದೆಬಡಿತ ಇತ್ತು. ನಾನು ಮುಸುಕಿನಂತೆ ಸೆರಗು ಮುಖಕ್ಕೆ ಎಳೆದುಕೊಂಡು ಗೋಳೋ ಎಂದು ಅತ್ತೆ. ಡಾಕ್ಟರಮ್ಮ ಬಂದು ಹಾಸಿಗೆಯ ಕಾಲಿನ ಬಳಿ ನಿಂತರು, ನಾನು ನೋಡಿದ ನೋಟಕ್ಕೆ ಹಾಗೇ ಹೊರಟುಹೋದರು. ಪ್ಲಗ್ ಕೆಳಗಿನ ಮಹಡಿಯಲ್ಲಿ ಮುರಿದ ಕೈಗೆ ಗಟ್ಟಿಪಟ್ಟಿ ಹಾಕಿಸಿಕೊಳ್ಳುತ್ತಿದ್ದ, ಹಂತರಾಯ ಅವನಿಗೆ ನೀರು ಕುಡಿಸುತ್ತಿದ್ದನಂತೆ. ಇಬ್ಬರೂ ಈಗ ಸ್ನೇಹಿತರು. ಎಂಥಾ ಚಂದ!

ಸಂಜೆಗೆ ತಂಗಿ ಮಾತಾಡುವಷ್ಟು ಸುಧಾರಿಸಿಕೊಂಡಳು. ಹೇಳಿಕೆ ಬರೆದುಕೊಳ್ಳಲು ಒಬ್ಬ ಪೊಲೀಸಮ್ಮ ಬಂದು ಸ್ಟೂಲು ಎಳೆದು ಕೂತರು. ನಾನು ತಲೆದಿಂಬಿನ ಪಕ್ಕದಲ್ಲಿದ್ದೆ.

"ಬಾಗಿಲು ಹೇಗೆ ಒಡೆದಮ್ಮ ಅವನು?" ಎಂದು ಪೊಲೀಸಮ್ಮ ಕೇಳಿದರು.

"ಒಡೀಲಿಲ್ಲ. ನಾನೇ ತೆಗೆದೆ" ಎಂದಳು. ಬಿಗಿದ ದವಡೆಯಿಂದ ಒಂದೊಂದೇ ಮಾತು ಹೊರಬಿತ್ತು. "ಅಕ್ಕ ಕಳಿಸಿದಾಳೆ ಅಂದ. ಅಕ್ಕ ಎಲ್ಲಾ ಹೇಳಿದಾಳೆ, ಅಳ್ತಾ ನನ್ನ ಕೈ ಹಿಡ್ಕೊಂಡ್ಲು, ಹೋಗಿ ಕರ್ಕೊಂಡು ಬಾ ಅಂದ್ಲು ಅಂತ. ನಾನು ನಂಬಲಿಲ್ಲ. ಆಗ ಬಾಗಿಲ ಸಂದೀಲಿ ಓದಿದ. ನಿನ್ನೆ ಅಕ್ಕ ರಕ್ತ ತಗೊಂಡಿದ್ದು, ನನಗೆ ರಕ್ತ ಎಷ್ಟಿದೆ ಅನ್ನೋದು, ಮನೆ ನಂಬರು, ಎಲ್ಲಾ. ಅದು ಅಕ್ಕನಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಅಕ್ಕ ಯೋಚನೆ ಮಾಡದೆ ಹೇಳಿರಲ್ಲ ಅಂತ ತೆಗೆದೆ."

ನನ್ನ ಎದೆಗೆ ಸಲಾಕೆ ಬಿದ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

"ಪುಟ್ಟಿ, ನಾನು ಕೊಡಲಿಲ್ಲ ಕಣೆ! ದೇವರಾಣೆ ಕೊಡಲಿಲ್ಲ. ಲ್ಯಾಬಿನ ಕಂಪ್ಯೂಟರು ಕಳಿಸಿಬಿಡ್ತು."

ಅವಳ ಊದಿದ ಕಣ್ಣು ನನ್ನ ಕಡೆ ತಿರುಗಿತು. "ಯಾರೂ ಕಾಯ್ತಿರಲಿಲ್ವಾ? ಕಾಯೋಕೆ ಏನೋ ಹೊಸದು ತಂದಿದಾರೆ ಅಂದಿದ್ದೆಯಲ್ಲ."

"ತಂದಿದಾರೆ. ಅದು ಕಾಯ್ತಿತ್ತು."

"ಅದು ಹೋಗಿದ್ದನ್ನ ನೋಡಲಿಲ್ವಾ?"

"ನೋಡ್ತು."

"ನೋಡಿ?"

"ಬರ್ಕೊಳ್ತು."

"ಆಮೇಲೆ?"

"ಅವನು ಓದ್ತಾನೆ ಅಂತ ಇವನು, ಇವನು ಓದ್ತಾನೆ ಅಂತ ಅವನು. ಯಾರೂ ಓದಲಿಲ್ಲ."

ನಾನು ಎಲ್ಲವನ್ನೂ ಹೇಳಿದೆ. ಕುರ್ಚಿ ಎಸೆದವನ ಕಥೆ, ಗಾಜಿನ ಕಥೆ, ಮೇಜು ಗುದ್ದಿ ನಾನು ಸೋತ ಕಥೆ. ಹೇಳುತ್ತ ಹೇಳುತ್ತ ನನಗೇ ಅದು ಕೈಲಾಗದವರ ಕುಂಟುನೆಪದಂತೆ ಕೇಳಿಸತೊಡಗಿತು. ಒಂದು ಹೆಂಗಸಿನ ಜೀವಕ್ಕೆ ಕುತ್ತು ಬಂದಿದೆ ಎಂದು ಕೆಂಪಕ್ಷರದಲ್ಲಿ ಬರೆದುಕೊಂಡು ಸುಮ್ಮನೆ ಕೂರುವ ವಸ್ತುವೊಂದು ಲೋಕದಲ್ಲಿದೆ ಎಂದು, ಅದನ್ನು ಬೇಕೆಂದೇ ಹಾಗೆ ಇಟ್ಟಿದ್ದರು ಎಂದು ಹೇಳಿದರೆ ಯಾರು ನಂಬುತ್ತಾರೆ? ಪೊಲೀಸಮ್ಮ ಬರೆಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ತಂಗಿ ಸೂರು ನೋಡುತ್ತ ಮಲಗಿದ್ದಳು. ನಾನು ಅವಳ ಕಾಲನ್ನಾದರೂ ಸವರೋಣವೆಂದು ಕೈ ಇಟ್ಟೆ, ಅವಳು ತಡೆಯಲಿಲ್ಲ, ತನ್ನದಲ್ಲದ ಕಾಲಿನಂತೆ ಬಿಟ್ಟಳು.

"ಆಯ್ತು" ಎಂದು ಪೊಲೀಸಮ್ಮ ಹೊಸ ಹಾಳೆ ತಿರುವಿದರು. "ಅವನಿಗೆ ಬೇಲು ಸಿಕ್ಕಿದ್ರೂ ಸಿಗಬಹುದು. ಇಲ್ಲಿಂದ ಬಿಟ್ಟ ಮೇಲೆ ಎಲ್ಲಿರ್ತೀಯಮ್ಮ? ಮನಸ್ಸಲ್ಲಿ ಜಾಗ ಏನಾದ್ರೂ ಇದೆಯಾ? ಇದ್ರೆ ಹೇಳು, ನಾನೇ ನಿಂತು ವ್ಯವಸ್ಥೆ ಮಾಡ್ತೀನಿ."

"ಇದೆ" ಎಂದಳು ತಂಗಿ.

ಯಾವ ಜಾಗ? ನನಗೆ ಗೊತ್ತಿಲ್ಲದ ಜಾಗ ಅವಳಿಗೆ ಎಲ್ಲಿಂದ ಬಂತು? ನಾನು ಅವಳ ಬಾಯಿಗೆ ಹತ್ತಿರವಾಗಿ ಬಗ್ಗಿದೆ. ಅವಳು ನನ್ನನ್ನು ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ, ಸಿಟ್ಟು ನನಗೆ ರೂಢಿ. ಅಲ್ಲಿದ್ದದ್ದು ಹೆದರಿಕೆ.

"ಅಕ್ಕನ್ನ ಹೊರಗೆ ಕಳಿಸಿ. ಆಮೇಲೆ ಹೇಳ್ತೀನಿ" ಎಂದು ಪೊಲೀಸಮ್ಮನಿಗೆ ಹೇಳಿದಳು.

ಪೊಲೀಸಮ್ಮ ಸ್ಟೂಲಿನಿಂದ ಎದ್ದು ನನ್ನ ತೋಳು ಹಿಡಿದರು. ಬಿಡಿಸಿಕೊಳ್ಳುವ ಶಕ್ತಿ ನನಗಿತ್ತು, ಬಿಡಿಸಿಕೊಳ್ಳಲಿಲ್ಲ. ಹೊರಗೆ ಬಂದೆ. ಬಾಗಿಲನ್ನು ಅವರು ಒಳಗಿನಿಂದ ಹಾಕಿಕೊಂಡರು.